ಹೆರಿಗೆಯಾದ ಮೇಲಿನ ಎರಡು ಗಂಟೆ: ಬೆಳಗಾವಿ ಹಳ್ಳಿಗಳ ಒಂದು ಪ್ರಕರಣ

ಬಸಿರಿಯರ ಆರೈಕೆ ಅಂದಕೂಡಲೇ ನಮ್ಮಲ್ಲಿ ಮಾತು ಸ್ಕ್ಯಾನಿಂಗ್, ಟಾನಿಕ್, ಕುಬುಸ, ನಾರ್ಮಲ್ಲೋ ಸಿಜೇರಿಯನ್ನೋ ಅನ್ನುವ ಕಡೆ ಹೋಗುತ್ತದೆ. ಮಗು ಹೊರಗೆ ಬಂದು ಅತ್ತ ಮೇಲೆ ಎಲ್ಲರ ಕಣ್ಣೂ ಮಗುವಿನ ಮೇಲೆ. ಗಂಡೋ ಹೆಣ್ಣೋ, ತೂಕ ಎಷ್ಟು, ಯಾರ ಹಾಗಿದೆ. ಆ ಹೊತ್ತಿನಲ್ಲಿ ತಾಯಿಯನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಆದರೆ ಭಾರತದಲ್ಲಿ ತಾಯಂದಿರ ಸಾವಿಗೆ ಬಹಳ ಕಾಲದಿಂದ ಮೊದಲ ಕಾರಣ ರಕ್ತಸ್ರಾವ. ಅದರಲ್ಲಿ ಹೆಚ್ಚಿನದು ಹೆರಿಗೆ ಮುಗಿಯಿತು, ಇನ್ನೇನೂ ಭಯವಿಲ್ಲ ಅಂತ ಮನೆಯವರು ಉಸಿರು ಬಿಟ್ಟ ಮೇಲೆ ಶುರುವಾಗುವ ರಕ್ತಸ್ರಾವ.

ಇದರ ಬಗ್ಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್‌ವರೆಗೆ ಒಂದು ಅಧ್ಯಯನ ನಡೆಯಿತು. ಬಡ ದೇಶಗಳ ಹೆರಿಗೆ ಆರೈಕೆಯ ಚರ್ಚೆಯಲ್ಲಿ ಇವತ್ತಿಗೂ ಅದರ ಹೆಸರು ಬರುತ್ತದೆ. ನಮ್ಮ ರಾಜ್ಯದಲ್ಲೇ ಅದರ ಬಗ್ಗೆ ಗೊತ್ತಿರುವವರು ಕಡಿಮೆ. ಹಾಗಾಗಿ ಆ ಪ್ರಕರಣವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಆ ಕಾಲದ ಪರಿಸ್ಥಿತಿ. 1998-99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದ ಹೆರಿಗೆ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ. 2001-03ರಲ್ಲಿ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. ಆಶಾ ಕಾರ್ಯಕರ್ತೆಯರು ಇನ್ನೂ ಬಂದಿರಲಿಲ್ಲ, ಆ ಯೋಜನೆ ಶುರುವಾದದ್ದೇ 2005ರ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ. 108 ಆಂಬುಲೆನ್ಸ್ ಕರ್ನಾಟಕಕ್ಕೆ ಬಂದದ್ದು 2008ರಲ್ಲಿ. ಹಳ್ಳಿಯಲ್ಲಿ ಹೆರಿಗೆಗೆ ಕೈಗೆ ಸಿಗುತ್ತಿದ್ದವರು ಇಬ್ಬರೇ. ಒಬ್ಬರು ಸೂಲಗಿತ್ತಿ. ಇನ್ನೊಬ್ಬರು ಉಪಕೇಂದ್ರದ ಎಎನ್‌ಎಂ, ಆ ಕಡೆಯ ಜನ ನರ್ಸ್ ಬಾಯಿ, ಸಿಸ್ಟರ್ ಅಂತ ಕರೆಯುವವರು. ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದರೆ ಬ್ಯಾಗ್ ಹಿಡಿದು ಹೊರಡುವವರು ಅವರೇ.

ಆ ಬ್ಯಾಗಿನಲ್ಲಿ ಏನಿರುತ್ತಿತ್ತು ಅನ್ನುವುದೇ ಇಲ್ಲಿನ ಸಮಸ್ಯೆ. ಮಗು ಹುಟ್ಟಿ ಮಾಸು ಬಿದ್ದ ಮೇಲೆ, ಅದು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳು ಬಾಯಿ ತೆರೆದುಕೊಂಡಿರುತ್ತವೆ. ತುಂಬು ಬಸಿರಿನಲ್ಲಿ ಗರ್ಭಕೋಶಕ್ಕೆ ಒಂದು ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಗರ್ಭಕೋಶ ಗಟ್ಟಿಯಾಗಿ ಮುಷ್ಟಿ ಹಿಡಿದ ಹಾಗೆ ಬಿಗಿದುಕೊಂಡರೆ ಆ ನಾಳಗಳು ಹಿಸುಕಿಕೊಂಡು ರಕ್ತ ನಿಲ್ಲುತ್ತದೆ. ಬಿಗಿದುಕೊಳ್ಳದೆ ಸಡಿಲವಾಗಿಯೇ ಉಳಿದರೆ ರಕ್ತ ಹೋಗುತ್ತಲೇ ಇರುತ್ತದೆ, ಎರಡು ಗಂಟೆಯೊಳಗೆ ಜೀವವೂ ಹೋಗಬಹುದು. ಗರ್ಭಕೋಶವನ್ನು ಬಿಗಿ ಮಾಡುವ ಔಷಧಿ ಆಗಲೂ ಇತ್ತು, ಆಕ್ಸಿಟೋಸಿನ್ ಇಂಜೆಕ್ಷನ್. ಆದರೆ ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಫ್ರಿಜ್ ಇಲ್ಲದ, ಇದ್ದರೂ ಕರೆಂಟ್ ಸರಿಯಾಗಿ ಇರದ ಕಡೆ ಅದು ಹೇಗೆ ಸಾಧ್ಯ? ಅದಕ್ಕಿಂತ ದೊಡ್ಡ ತೊಡಕು ನಿಯಮದ್ದು. ಮನೆ ಹೆರಿಗೆಯಲ್ಲಿ ಎಎನ್‌ಎಂ ಅದನ್ನು ಕೊಡುವಂತೆಯೇ ಇರಲಿಲ್ಲ. ಅಂದರೆ ಹೆರಿಗೆ ಮಾಡಿಸುವ ಕೈಗೆ ರಕ್ತ ನಿಲ್ಲಿಸುವ ಔಷಧಿಯನ್ನು ಕೊಟ್ಟಿರಲಿಲ್ಲ, ಔಷಧಿ ಇದ್ದ ಆಸ್ಪತ್ರೆ ತಲುಪುವಷ್ಟರಲ್ಲಿ ಹೊತ್ತು ಮೀರುತ್ತಿತ್ತು.

ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ಡಾ. ಬಿ. ಎಸ್. ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ ಮತ್ತು ಅವರ ಜೊತೆಗಾರರು, ಅಮೆರಿಕದ ರಿಚರ್ಡ್ ಡರ್ಮನ್, ಸ್ಟೇಸಿ ಗೆಲ್ಲರ್ ಮುಂತಾದವರ ಜೊತೆ ಸೇರಿ ಎತ್ತಿಕೊಂಡ ಪ್ರಶ್ನೆ ಇದು: ಮಿಸೊಪ್ರೊಸ್ಟಾಲ್ ಅನ್ನುವ ಮಾತ್ರೆಯನ್ನು ಎಎನ್‌ಎಂ ಕೈಗೆ ಕೊಟ್ಟರೆ ಏನಾಗುತ್ತದೆ? ಇದು ಮೂಲದಲ್ಲಿ ಹೊಟ್ಟೆ ಹುಣ್ಣಿನ ಔಷಧಿ. ಗರ್ಭಕೋಶವನ್ನು ಬಿಗಿ ಮಾಡುವ ಗುಣವೂ ಅದಕ್ಕಿದೆ. ಬೆಲೆ ಕಡಿಮೆ, ಫ್ರಿಜ್ ಬೇಡ, ಸೂಜಿ ಬೇಡ, ಬಾಯಿಗೆ ಹಾಕಿ ನೀರು ಕುಡಿಸಿದರೆ ಆಯಿತು.

ಮಾತ್ರೆಯಿಂದ ಉಪಯೋಗ ಆಯಿತೋ ಇಲ್ಲವೋ ತಿಳಿಯಬೇಕಾದರೆ ರಕ್ತ ಎಷ್ಟು ಹೋಯಿತು ಅಂತ ಗೊತ್ತಾಗಬೇಕು. ಇಡೀ ಪ್ರಕರಣದಲ್ಲಿ ನನಗೆ ತುಂಬಾ ಮುಖ್ಯ ಅನಿಸುವುದು ಈ ಭಾಗ. ಮನೆ ಹೆರಿಗೆಯಲ್ಲಿ ರಕ್ತ ಎಲ್ಲಿ ಹೋಗುತ್ತದೆ ಅಂತ ಯೋಚಿಸಿ. ಹಳೆ ಸೀರೆ, ಗೋಣಿಚೀಲ, ಮಣ್ಣಿನ ನೆಲ. ಮಂದ ಬೆಳಕು, ಸುತ್ತ ನಾಲ್ಕು ಜನ ಹೆಂಗಸರು. ಎಷ್ಟು ಹೋಯಿತು ಅಂತ ಕೇಳಿದರೆ ಬರುವ ಉತ್ತರ "ಭಾಳೇನಿಲ್ಲ ಬಿಡ್ರಿ, ಹೋಗೋದಷ್ಟ ಹೋಗೇತಿ" ಅನ್ನುವ ಥರದ್ದು. ಅನುಭವ ಇದ್ದವರು ಕೂಡ ಕಣ್ಣಂದಾಜಿನಲ್ಲಿ ತಪ್ಪುತ್ತಾರೆ, ಅದೂ ಜಾಸ್ತಿ ಹೋದಷ್ಟೂ ಕಡಿಮೆ ಅಂತಲೇ ಅಂದಾಜು ಮಾಡುತ್ತಾರೆ.

ಅದಕ್ಕೆ ಆ ತಂಡ ಒಂದು ಪ್ಲಾಸ್ಟಿಕ್ ಹಾಳೆಯನ್ನು ಸಿದ್ಧಮಾಡಿಕೊಂಡಿತು. ಮಗು ಹುಟ್ಟಿ ಹೊಕ್ಕುಳ ಬಳ್ಳಿ ಕತ್ತರಿಸಿದ ಮೇಲೆ ಬಾಣಂತಿಯ ಸೊಂಟದ ಕೆಳಗೆ ಅದನ್ನು ಹಾಸಿ ಕಟ್ಟುವುದು. ಅದರ ಕೆಳತುದಿಯಲ್ಲಿ ಚೂಪಾದ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು. ರಕ್ತ ಆ ಚೀಲಕ್ಕೆ ಇಳಿಯುತ್ತದೆ, ಯಾರು ಬೇಕಾದರೂ ಗೆರೆ ನೋಡಿ ಹೇಳಬಹುದು. 123 ಹೆರಿಗೆಗಳಲ್ಲಿ ಕಣ್ಣಂದಾಜನ್ನೂ ಈ ಹಾಳೆಯನ್ನೂ ಹೋಲಿಸಿ ನೋಡಿದರು. ಕಣ್ಣಂದಾಜಿನ ಸರಾಸರಿ 203 ಮಿಲಿಲೀಟರ್ ಬಂತು, ಹಾಳೆಯ ಸರಾಸರಿ 302. ಮೂರರಲ್ಲಿ ಒಂದು ಪಾಲು ರಕ್ತ ಯಾರ ಲೆಕ್ಕಕ್ಕೂ ಸಿಗದೆ ಹೋಗುತ್ತಿತ್ತು ಅಂತ ಅರ್ಥ! ಹಾಗಾದರೆ ಅಷ್ಟು ವರ್ಷ ನಮ್ಮ ಹಳ್ಳಿಗಳಲ್ಲಿ "ಮಾಮೂಲಿ" ಅಂತ ಬಿಟ್ಟ ಎಷ್ಟು ಹೆರಿಗೆಗಳು ಮಾಮೂಲಿ ಆಗಿರಲಿಲ್ಲವೋ.

ಮುಖ್ಯ ಅಧ್ಯಯನದಲ್ಲಿ ಒಟ್ಟು 1620 ತಾಯಂದಿರು. 812 ಜನರಿಗೆ ಹೆರಿಗೆಯಾದ ಕೂಡಲೇ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್, ಉಳಿದ 808 ಜನರಿಗೆ ನೋಡಲು ಹಾಗೇ ಇರುವ, ಔಷಧಿ ಇಲ್ಲದ ಮಾತ್ರೆ. ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು, ರಕ್ತ ಅಳೆದವರು ಎಲ್ಲಾ 25 ಜನ ಎಎನ್‌ಎಂಗಳೇ. ವೈದ್ಯರಲ್ಲ. ಉಪಕೇಂದ್ರದಲ್ಲೋ ಮನೆಯಲ್ಲೋ, ಎಲ್ಲಿ ಹೆರಿಗೆ ಆಗುತ್ತಿತ್ತೋ ಅಲ್ಲೇ.

ಅರ್ಧ ಜನರಿಗೆ ಔಷಧಿ ಇಲ್ಲದ ಮಾತ್ರೆ ಕೊಟ್ಟದ್ದು ಸರೀನಾ ಅಂತ ಕೇಳುವವರಿದ್ದಾರೆ, ಕೇಳಲೇಬೇಕು. ಆಗ ಅಲ್ಲಿ ಮನೆ ಹೆರಿಗೆಯಲ್ಲಿ ಯಾವ ಔಷಧಿಯನ್ನೂ ಕೊಡುತ್ತಿರಲಿಲ್ಲ, ಅಂದರೆ ಯಾರಿಗೂ ಸಿಗುತ್ತಿದ್ದದ್ದನ್ನು ಕಿತ್ತುಕೊಂಡಂತಾಗಲಿಲ್ಲ. ಜೊತೆಗೆ ಪ್ರತಿಯೊಬ್ಬರ ಹತ್ತಿರ ತರಬೇತಿ ಪಡೆದ ಎಎನ್‌ಎಂ ಕೂತು ರಕ್ತ ಅಳೆಯುತ್ತಿದ್ದರು, ಗೆರೆ ಮೀರಿದರೆ ಆಸ್ಪತ್ರೆಗೆ ಕಳಿಸಬಹುದಿತ್ತು. ಈ ಉತ್ತರ ನನಗೆ ಒಪ್ಪಿಗೆಯಾಗುತ್ತದೆ. ಆದರೂ ಆ 808 ಜನರ ಋಣ ನಮ್ಮೆಲ್ಲರ ಮೇಲಿದೆ ಅಂತಲೂ ಅನಿಸುತ್ತದೆ.

ಇನ್ನೊಂದು ವಿಷಯ. ಈ 1620 ಜನರನ್ನು ಬಸಿರಿನಲ್ಲೇ ತಪಾಸಣೆ ಮಾಡಿ ಆರಿಸಿದ್ದರು. ಹಿಂದೆ ಸಿಜೇರಿಯನ್ ಆದವರು, ಬಿಪಿ ಇದ್ದವರು, ಅವಳಿ ಮಕ್ಕಳಿರುವವರು, ಹಿಮೋಗ್ಲೋಬಿನ್ 8ಕ್ಕಿಂತ ಕಡಿಮೆ ಇರುವವರು, ಮುಂಚೆ ರಕ್ತಸ್ರಾವ ಆಗಿದ್ದವರು, ಇವರೆಲ್ಲರನ್ನೂ ಬಿಟ್ಟಿದ್ದರು. ಅವರಿಗೆ ಆಸ್ಪತ್ರೆಯಲ್ಲೇ ಹೆರಿಗೆ ಆಗಬೇಕು ಅಂತ ನಿಯಮ. ಹಾಗಾಗಿ ಉಳಿದವರು "ಏನೂ ತೊಂದರೆ ಇಲ್ಲ, ಎಲ್ಲಾ ಸರಿಯಾಗಿದೆ" ಅಂತ ಕಾರ್ಡಿನಲ್ಲಿ ಬರೆಸಿಕೊಂಡ ಬಸಿರಿಯರು.

ಈಗ ಫಲಿತಾಂಶ. ಔಷಧಿ ಇಲ್ಲದ ಗುಂಪಿನಲ್ಲಿ ನೂರಕ್ಕೆ 12 ಜನರಿಗೆ ಎರಡು ಗಂಟೆಯೊಳಗೆ ಅರ್ಧ ಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋಯಿತು. ಮಾತ್ರೆ ನುಂಗಿದವರಲ್ಲಿ ಅದು ನೂರಕ್ಕೆ 6.4ಕ್ಕೆ ಇಳಿಯಿತು. ಒಂದು ಲೀಟರಿನಷ್ಟು ಹೋಗುವ ತೀವ್ರ ರಕ್ತಸ್ರಾವ ನೂರಕ್ಕೆ 1.2 ಇದ್ದದ್ದು 0.2ಕ್ಕೆ ಬಂತು. 18 ಜನರಿಗೆ ಮಾತ್ರೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪುತ್ತದೆ ಅನ್ನುವುದು ಲೆಕ್ಕ. ಅಡ್ಡ ಪರಿಣಾಮವೂ ಇತ್ತು, ಮಾತ್ರೆ ನುಂಗಿದ ಹೆಚ್ಚು ಜನರಿಗೆ ಚಳಿ ನಡುಕ, ಜ್ವರ ಬಂದು ಹೋಯಿತು. 2006ರ ಅಕ್ಟೋಬರ್‌ನಲ್ಲಿ ಇದು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಎಲ್ಲರೂ 12ರಿಂದ 6.4ಕ್ಕೆ ಇಳಿದದ್ದನ್ನೇ ಹೇಳುತ್ತಾರೆ. ನನಗೆ ಆ 12ರ ಮೇಲೆಯೇ ಕಣ್ಣು ನಿಲ್ಲುತ್ತದೆ. ಇವರೆಲ್ಲಾ ತಪಾಸಣೆಯಲ್ಲಿ ಪಾಸಾದವರು, ಅಲ್ವಾ? ಅಪಾಯ ಇರುವವರನ್ನೆಲ್ಲಾ ಬೇರೆ ಮಾಡಿದ ಮೇಲೂ ಎಂಟೊಂಬತ್ತು ಜನರಲ್ಲಿ ಒಬ್ಬರಿಗೆ ಅರ್ಧ ಲೀಟರ್ ರಕ್ತ ಹೋಗಿದೆ. ಅಂದರೆ ಯಾರಿಗೆ ರಕ್ತಸ್ರಾವ ಆಗುತ್ತದೆ ಅಂತ ಬಸಿರಿನಲ್ಲೇ ನೋಡಿ ಹೇಳಲು ಆಗುವುದಿಲ್ಲ. ಸ್ಕ್ಯಾನ್ ಸರಿ ಇದೆ, ಬಿಪಿ ಸರಿ ಇದೆ, ಮೊದಲ ಎರಡು ಹೆರಿಗೆ ಸಲೀಸಾಗಿ ಆಗಿದೆ, ಹಾಗಾಗಿ ಈ ಸಲವೂ ಏನೂ ಆಗಲ್ಲ ಅನ್ನುವ ಧೈರ್ಯಕ್ಕೆ ಆಧಾರ ಇಲ್ಲ. ಪ್ರತಿ ಹೆರಿಗೆಯಲ್ಲೂ, ಪ್ರತಿ ತಾಯಿಗೂ ರಕ್ತ ನಿಲ್ಲಿಸುವ ಔಷಧಿ ಸಿಗಬೇಕು, ಆ ಔಷಧಿ ಹೆರಿಗೆ ಮಾಡಿಸುವವರ ಕೈಯಲ್ಲೇ ಇರಬೇಕು.

ಮುಂದೇನಾಯಿತು ಅಂದರೆ, 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಅನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಆಕ್ಸಿಟೋಸಿನ್ ಸಿಗದ ಕಡೆ ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತೆಯರೂ ಇದನ್ನು ಕೊಡಬಹುದು ಅಂತ 2012ರಲ್ಲಿ ಹೇಳಿತು. ಮನೆ ಹೆರಿಗೆ ಇನ್ನೂ ಜಾಸ್ತಿ ಇರುವ ಕಡೆಗಳಿಗೆ ಅಂತ ಭಾರತ ಸರ್ಕಾರ 2013ರಲ್ಲಿ ಮಾರ್ಗಸೂಚಿ ತಂದಿತು. ಈ ನಿರ್ಧಾರಗಳ ಹಿಂದೆ ಬೆಳಗಾವಿಯ ಆ 25 ಎಎನ್‌ಎಂಗಳ ಅಳತೆಗಳೂ ಇವೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಬರೆಯದೆ ಮುಂದೆ ಹೋಗಲಾರೆ. ಇದೇ ಮಾತ್ರೆ ಮಗು ಹುಟ್ಟುವ ಮುಂಚೆ ಹೊಟ್ಟೆಗೆ ಹೋದರೆ ಗರ್ಭಕೋಶವೇ ಹರಿಯಬಹುದು. ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಕೊಡಬೇಕು. ಮೆಡಿಕಲ್ ಶಾಪಿನಿಂದ ತಂದಿಟ್ಟುಕೊಂಡು ಮನೆಯವರೇ ಕೊಡುವ ಮಾತ್ರೆ ಇದಲ್ಲ. ನೋವು ಬೇಗ ಬರಲಿ ಅಂತ ಹೆರಿಗೆಗೆ ಮುಂಚೆಯೇ ಆಕ್ಸಿಟೋಸಿನ್ ಸೂಜಿ ಹಾಕಿಸುವುದೂ ಅಷ್ಟೇ ಅಪಾಯ, ಯಾರೇ ಹೇಳಿದರೂ ಮನೆಯಲ್ಲಿ ಒಪ್ಪಬೇಡಿ.

ಈಗ ಪರಿಸ್ಥಿತಿ ಬೇರೆ. 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗಿವೆ. ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 228ರಿಂದ 2018-20ರ ಹೊತ್ತಿಗೆ 69ಕ್ಕೆ ಇಳಿದಿದೆ. ಇದು ದೊಡ್ಡ ಸಾಧನೆ, ಇದರ ಹಿಂದೆ ಆಶಾ, ಅಂಗನವಾಡಿ, ಎಎನ್‌ಎಂ, 108ರ ಡ್ರೈವರ್‌ಗಳು ಎಲ್ಲರ ದುಡಿಮೆ ಇದೆ. ಆದರೆ ಪಕ್ಕದ ಕೇರಳದಲ್ಲಿ ಅದೇ ಹೊತ್ತಿಗೆ ಈ ಸಂಖ್ಯೆ 19. ನಮ್ಮ 69ರಲ್ಲಿ ಇಳಿಸಬಹುದಾದದ್ದು ಇನ್ನೂ ಬಹಳ ಇದೆ. ಹೆರಿಗೆ ಆಸ್ಪತ್ರೆಗೆ ಬಂದಿತು ಅಂದಕೂಡಲೇ ರಕ್ತ ಅಳೆಯುವ ಕೆಲಸ ಮುಗಿಯುವುದಿಲ್ಲ. ಒಬ್ಬರೇ ನರ್ಸ್ ನಾಲ್ಕು ಹೆರಿಗೆ ನೋಡಬೇಕಾದ ವಾರ್ಡಿನಲ್ಲಿ ಕಣ್ಣಂದಾಜು ತಪ್ಪುವುದು ಮನೆಯಲ್ಲಿ ತಪ್ಪುವಷ್ಟೇ ಸುಲಭ.

ಅದಕ್ಕೆ ಸಾಕ್ಷಿ ಆಫ್ರಿಕಾದಿಂದ ಬಂತು. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ 80 ಆಸ್ಪತ್ರೆಗಳ ಪೈಕಿ ಅರ್ಧದಷ್ಟರಲ್ಲಿ ಇದೇ ಥರದ ಗೆರೆ ಇರುವ ಹಾಳೆ ಹಾಸಿ, ರಕ್ತ ಗೆರೆ ಮುಟ್ಟಿದ ಕೂಡಲೇ ಮಸಾಜ್, ಔಷಧಿ, ಡ್ರಿಪ್ ಎಲ್ಲವನ್ನೂ ಒಂದಾದಮೇಲೊಂದು ಅಂತ ಕಾಯದೆ ಒಟ್ಟಿಗೇ ಶುರುಮಾಡಿದರು. ತೀವ್ರ ರಕ್ತಸ್ರಾವ, ಅದರಿಂದ ಆಗುವ ಆಪರೇಷನ್ ಮತ್ತು ಸಾವು ಸೇರಿ ಅಲ್ಲಿ ಉಳಿದ ಆಸ್ಪತ್ರೆಗಳಿಗಿಂತ ನೂರಕ್ಕೆ 60ರಷ್ಟು ಕಡಿಮೆಯಾದವು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಕಣ್ಣಂದಾಜು ಸಾಕಾಗುವುದಿಲ್ಲ, ಇಂಥ ಹಾಳೆಯಿಂದ ಅಳೆಯಿರಿ ಅಂತ ಹೇಳಿತು. ಬೆಳಗಾವಿಯ ಹಳ್ಳಿಮನೆಗಳಲ್ಲಿ ಹಾಸಿ ನೋಡಿದ ವಿಚಾರ ಜಗತ್ತಿನ ರೂಢಿ ಆಗಲು ಇಪ್ಪತ್ತು ವರ್ಷ ಹಿಡಿಯಿತು. ನಮ್ಮ ಪ್ರತಿ ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲೂ ಇದು ಇರಬೇಕು, ಅದಕ್ಕೆ ಹಣ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಬಸಿರಿನ ಒಂಬತ್ತು ತಿಂಗಳ ಆರೈಕೆಯಿಂದ ಏನು ಪ್ರಯೋಜನ ಅಂತ ಕೇಳಬಹುದು. ಯಾರಿಗೆ ರಕ್ತ ಹೋಗುತ್ತದೆ ಅಂತ ಅದು ಹೇಳಲಾರದು ನಿಜ. ಆದರೆ ಹೋದಾಗ ಯಾರು ಉಳಿಯುತ್ತಾರೆ ಅನ್ನುವುದು ಬಹಳಷ್ಟು ಆ ಒಂಬತ್ತು ತಿಂಗಳಲ್ಲೇ ತೀರ್ಮಾನವಾಗಿರುತ್ತದೆ. ಹಿಮೋಗ್ಲೋಬಿನ್ 7 ಇರುವವಳ ರಕ್ತ, 12 ಇರುವವಳ ರಕ್ತಕ್ಕಿಂತ ಐದರಲ್ಲಿ ಎರಡು ಪಾಲು ಕಡಿಮೆ ಆಮ್ಲಜನಕ ಹೊರುತ್ತದೆ. ಇಬ್ಬರಿಗೂ ಮುಕ್ಕಾಲು ಲೀಟರ್ ಹೋಯಿತು ಅಂದುಕೊಳ್ಳಿ. ಒಬ್ಬಳು ಸುಸ್ತಾಗಿ ಮಲಗುತ್ತಾಳೆ, ಇನ್ನೊಬ್ಬಳ ಹೃದಯಕ್ಕೆ ಅದನ್ನು ತಡೆಯಲು ಆಗದೇ ಹೋಗಬಹುದು. ಅಷ್ಟೇ ಅಲ್ಲ, ಪಾಕಿಸ್ತಾನ, ನೈಜೀರಿಯಾ, ಟಾಂಜಾನಿಯಾ, ಜಾಂಬಿಯಾದ ಹತ್ತು ಸಾವಿರಕ್ಕೂ ಹೆಚ್ಚು ತಾಯಂದಿರನ್ನು ನೋಡಿ 2023ರಲ್ಲಿ ಪ್ರಕಟಿಸಿದ ವರದಿಯಲ್ಲಿ, ರಕ್ತಹೀನತೆ ಹೆಚ್ಚಿದ್ದಷ್ಟೂ ಹೆರಿಗೆ ನಂತರದ ರಕ್ತಸ್ರಾವವೂ ಹೆಚ್ಚು ಅಂತ ಕಂಡುಬಂದಿದೆ. ಅಂದರೆ ಎರಡು ಕಡೆಯಿಂದಲೂ ಹೊಡೆತ.

ಕರ್ನಾಟಕದಲ್ಲಿ 2019-21ರಲ್ಲಿ ನೂರಕ್ಕೆ 45.7 ಬಸಿರಿಯರಿಗೆ ರಕ್ತಹೀನತೆ ಇತ್ತು. ಅದರ ಹಿಂದಿನ ಸಮೀಕ್ಷೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಆಸ್ಪತ್ರೆ ಹೆರಿಗೆ 97ಕ್ಕೆ ಏರಿದ ರಾಜ್ಯದಲ್ಲಿ ಈ ಸಂಖ್ಯೆ ಅಲ್ಲೇ ನಿಂತಿದೆ. ಇದು ನನ್ನನ್ನು ತುಂಬಾ ಕಾಡುವ ವಿಷಯ.

ಕಬ್ಬಿಣದ ಮಾತ್ರೆ ಪುಕ್ಕಟೆ ಸಿಗುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ ಅನ್ನುವುದು ಲೆಕ್ಕ, ರಕ್ತಹೀನತೆ ಇದ್ದರೆ ದಿನಕ್ಕೆ ಎರಡು. ಕೊಟ್ಟದ್ದು ಹೊಟ್ಟೆಗೆ ಹೋಗುತ್ತಾ ಅನ್ನುವುದೇ ಪ್ರಶ್ನೆ. ವಾಕರಿಕೆ ಬರುತ್ತದೆ, ಮಲ ಕಪ್ಪಗಾಗುತ್ತದೆ, ಹೆದರಿ ಬಿಡುತ್ತಾರೆ. ಮಾತ್ರೆ ನುಂಗಿದರೆ ಕೂಸು ಕಪ್ಪಾಗುತ್ತದೆ ಅನ್ನುವ ನಂಬಿಕೆ ಇನ್ನೂ ಇದೆ. ಜಾಸ್ತಿ ತಿಂದರೆ ಕೂಸು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತದೆ ಅಂತ ಊಟವನ್ನೇ ಕಡಿಮೆ ಮಾಡಿಸುವ ಅತ್ತೆಯರಿದ್ದಾರೆ, ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಊಟ ಆದ ಕೂಡಲೇ ಚಹಾ ಕುಡಿದರೆ ಮಾತ್ರೆಯ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ, ಬೆಳಗಾವಿ ಕಡೆ ಚಹಾ ಬಿಡಿ ಅಂದರೆ ಯಾರು ಕೇಳುತ್ತಾರೆ? ಬಿಡಬೇಕಾಗಿಲ್ಲ, ಮಾತ್ರೆಗೂ ಚಹಾಕ್ಕೂ ಒಂದೆರಡು ಗಂಟೆ ಅಂತರ ಇದ್ದರೆ ಸಾಕು. ರಾತ್ರಿ ಊಟ ಆಗಿ ಸ್ವಲ್ಪ ಹೊತ್ತಿಗೆ, ನಿಂಬೆಹಣ್ಣಿನ ನೀರಿನ ಜೊತೆ ನುಂಗಿದರೆ ವಾಕರಿಕೆಯೂ ಕಡಿಮೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ, ಮೊಳಕೆ ಕಾಳು ಎಲ್ಲಾ ಒಳ್ಳೆಯದೇ, ತಿನ್ನಲೇಬೇಕು. ಆದರೆ ಹಿಮೋಗ್ಲೋಬಿನ್ 8ರಲ್ಲಿ ಇರುವವಳನ್ನು ಎಂಟನೇ ತಿಂಗಳಲ್ಲಿ ಪಲ್ಯದಿಂದ ಮೇಲೆ ತರಲು ಆಗುವುದಿಲ್ಲ. ಅಷ್ಟು ಹೊತ್ತಿಗೆ ನರಕ್ಕೆ ಕೊಡುವ ಕಬ್ಬಿಣದ ಡ್ರಿಪ್ ಬೇಕಾಗುತ್ತದೆ, 7ಕ್ಕಿಂತ ಇಳಿದಿದ್ದರೆ ಆಸ್ಪತ್ರೆಗೆ ಸೇರಿಸಲೇಬೇಕು.

ನಮ್ಮ ಪದ್ಧತಿಯಲ್ಲೇ ಇರುವ ಒಂದು ತೂತು ತವರಿಗೆ ಹೋಗುವುದು. ಮೊದಲ ಹೆರಿಗೆಗೆ ಏಳನೇ ತಿಂಗಳಲ್ಲಿ ಕುಬುಸ ಮಾಡಿ ತವರಿಗೆ ಕಳಿಸುತ್ತಾರೆ. ಅಲ್ಲಿಯವರೆಗೆ ನೋಡಿದ ಆಶಾ, ಎಎನ್‌ಎಂ ಒಬ್ಬರು, ತವರೂರಿನಲ್ಲಿ ಇನ್ನೊಬ್ಬರು. ಹಿಮೋಗ್ಲೋಬಿನ್ ಮತ್ತೆ ನೋಡಬೇಕಾದ ಹೊತ್ತಿಗೇ ಹುಡುಗಿ ಎರಡೂ ರಿಜಿಸ್ಟರಿನ ನಡುವೆ ಬಿದ್ದುಹೋಗುತ್ತಾಳೆ. ಕಬ್ಬು ಕಡಿಯಲು ಗ್ಯಾಂಗಿನ ಜೊತೆ ಹೋಗುವ ಹೆಣ್ಣುಮಕ್ಕಳದ್ದಂತೂ ಇನ್ನೂ ಕಷ್ಟ, ಇಡೀ ಸೀಸನ್ ಯಾವ ಉಪಕೇಂದ್ರಕ್ಕೂ ಸೇರದೆ ಗದ್ದೆ ಪಕ್ಕದ ಗುಡಿಸಲಿನಲ್ಲಿ ಇರುತ್ತಾರೆ. ಇದಕ್ಕೆ ಹೊಸ ಆ್ಯಪ್ ಬೇಕಿಲ್ಲ, ಕಳಿಸುವ ಊರಿನ ಆಶಾ ಸೇರಿಸಿಕೊಳ್ಳುವ ಊರಿನ ಆಶಾಗೆ ಒಂದು ಫೋನ್ ಮಾಡಿದರೆ ಅರ್ಧ ಕೆಲಸ ಆಗುತ್ತದೆ. ಆ ಫೋನ್ ಮಾಡುವುದು ಅವರ ಕೆಲಸದ ಭಾಗ ಅಂತ ಬರೆದು, ಅದಕ್ಕೂ ಸಂಭಾವನೆ ಕೊಡಬೇಕು.

ಬೇಗ ಹೆಸರು ಬರೆಸುವುದಕ್ಕೂ ಬೆಲೆ ಇದೆ ಅನ್ನುವುದನ್ನು ಬೆಳಗಾವಿಯೇ ಇನ್ನೊಮ್ಮೆ ತೋರಿಸಿತು. ಆರು ದೇಶಗಳಲ್ಲಿ ಚೊಚ್ಚಲ ಬಸಿರಿಯರಿಗೆ ಹದಿನಾಲ್ಕನೇ ವಾರದೊಳಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಶುರುಮಾಡಿ ನೋಡಿದ ಅಧ್ಯಯನದಲ್ಲಿ ಬೆಳಗಾವಿಯೂ ಒಂದು ಕೇಂದ್ರ. 2020ರಲ್ಲಿ ಅದರ ಫಲಿತಾಂಶ ಬಂತು. ಒಟ್ಟು 11,976 ಜನ. ದಿನ ತುಂಬುವ ಮೊದಲೇ ಆಗುವ ಹೆರಿಗೆ ನೂರಕ್ಕೆ 13.1 ಇದ್ದದ್ದು 11.6ಕ್ಕೆ ಇಳಿಯಿತು. ಇದನ್ನೂ ವೈದ್ಯರು ಹೇಳದೆ ನುಂಗಬಾರದು. ಐದನೇ ತಿಂಗಳಲ್ಲಿ ಬಂದವರಿಗೆ ಹದಿನಾಲ್ಕನೇ ವಾರದೊಳಗಿನ ಔಷಧಿ ಹೇಗೆ ತಾನೇ ಸಿಗುತ್ತದೆ? ಮುಟ್ಟು ನಿಂತ ತಿಂಗಳಲ್ಲೇ ಆಶಾಗೆ ಹೇಳಿ, ದೃಷ್ಟಿಯಾಗುತ್ತದೆ ಅಂತ ಮೂರು ತಿಂಗಳು ಮುಚ್ಚಿಡಬೇಡಿ.

ನಿಮ್ಮ ಮನೆಯಲ್ಲಿ ಈಗ ಬಸಿರಿ ಇದ್ದರೆ ತಾಯಿ ಕಾರ್ಡ್ ತೆಗೆದು ಹಿಮೋಗ್ಲೋಬಿನ್ ಬರೆದಿರುವ ಸಾಲು ನೋಡಿ. ಒಂದೇ ಸಲ ಬರೆದಿದ್ದರೆ ಸಾಲದು, ಪ್ರತಿ ಭೇಟಿಯಲ್ಲೂ ಬರೆದಿರಬೇಕು, 11ಕ್ಕಿಂತ ಕಡಿಮೆ ಇದ್ದರೆ ಮುಂದೇನು ಅಂತ ಕೇಳಿ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರೇ ಉಚಿತವಾಗಿ ನೋಡುತ್ತಾರೆ, ಹೋಗಿ. ಅಂಗನವಾಡಿಯಲ್ಲಿ 2017ರಿಂದ ಮಾತೃಪೂರ್ಣ ಊಟ ಕೊಡುತ್ತಿದ್ದಾರೆ, ಸಂಕೋಚ ಬೇಡ. ಎಂಟನೇ ತಿಂಗಳಲ್ಲೇ ಅವಳ ರಕ್ತದ ಗುಂಪು ಯಾವುದು, ಕೊಡಲು ಬರುವ ಇಬ್ಬರು ಯಾರು ಅಂತ ಮನೆಯಲ್ಲಿ ಮಾತಾಡಿಕೊಳ್ಳಿ. ಹೆರಿಗೆ ಆದ ಮೇಲೆ ಎಲ್ಲರೂ ಮಗುವಿನ ಹಿಂದೆ ಹೋಗಬೇಡಿ, ಒಬ್ಬರು ಎರಡು ಗಂಟೆ ಬಾಣಂತಿ ಪಕ್ಕದಲ್ಲೇ ಇರಿ. ಇಪ್ಪತ್ತು ಮೂವತ್ತು ನಿಮಿಷದಲ್ಲಿ ಎರಡು ಮೂರು ಪ್ಯಾಡ್ ಪೂರ್ತಿ ನೆನೆದರೆ, ಅವಳಿಗೆ ತಲೆ ಸುತ್ತಿದರೆ, ಮೈ ತಣ್ಣಗಾದರೆ, ಬಾಯಾರಿಕೆ ಅಂತ ಒಂದೇ ಸಮ ಹೇಳುತ್ತಿದ್ದರೆ, ಆ ಕ್ಷಣವೇ ಸಿಸ್ಟರನ್ನು ಕೂಗಿ. ಬರುತ್ತೇನೆ ಇರಿ ಅಂದರೂ ಬಿಡಬೇಡಿ, ಕೈ ಹಿಡಿದು ಕರೆದುಕೊಂಡು ಬನ್ನಿ. ಮನೆಯಲ್ಲೋ ದಾರಿಯಲ್ಲೋ ಹೆರಿಗೆ ಆಗಿದ್ದರೆ 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೆ ಕೂಸಿಗೆ ಮೊಲೆ ಹಿಡಿಸಿ. ಕೂಸು ಚೀಪಿದಾಗ ಗರ್ಭಕೋಶ ತಾನಾಗಿ ಬಿಗಿಯಾಗತೊಡಗುತ್ತದೆ.